ಎಂಬತ್ತು ಡಿಗ್ರಿಯ ಕೋಣೆ

ಚಳ್ಳಕೆರೆ
ವಿರೋಧಿಕೃತು ಸಂವತ್ಸರ, ಪುಷ್ಯ ಬಹುಳ, ಮಂಗಳವಾರ
೯ ಜನವರಿ ೧೯೧೨

ಪ್ರೀತಿಯ ತಮ್ಮ ಚಿಕ್ಕಬಸಪ್ಪನಿಗೆ,

ಆರೋಗ್ಯವೆ? ಎದೆ ಹಗುರವಾಗಿದೆಯೆ? ಕೊಲಂಬೋ ಸೇರಿದ ಮೇಲೆ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಉಬ್ಬಸ ಬಂದಿಲ್ಲವೆಂದು ಪ್ರತಿ ಕಾಗದದಲ್ಲೂ ಬರೆಯುತ್ತೀಯೆ; ಆದರೂ ಕೇಳುವುದು ರೂಢಿಯಾಗಿದೆ. ನಾನು, ನಿನ್ನ ಅತ್ತಿಗೆ ಕ್ಷೇಮ. ವ್ಯಾಪಾರವೂ ಸರಿಯಾಗಿದೆ. ಕಾರ್ತಿಕ ಕಳೆದ ಮೇಲೆ ಹಳ್ಳಿಗಳಿಂದ ಬಂದ ಕಂಬಳಿಗಳು ಈ ಸಲ ಪಡಸಾಲೆ ತುಂಬಿ ಒಳಮನೆಗೂ ನುಗ್ಗಿವೆ. ಊಟಕ್ಕೆ ಕೂತರೆ ಬೆನ್ನಿಗೆ ಕಂಬಳಿಯ ರಾಶಿ ತಾಗುತ್ತದೆ. ಯುಗಾದಿಯ ಹೊತ್ತಿಗೆ ಎಲ್ಲ ಮಾರಿ ಮನೆ ಬರಿದಾಗುತ್ತದೆ; ನೀನು ಬಂದ ಎರಡು ಬೇಸಿಗೆಗಳಲ್ಲಿ ನೋಡಿದ್ದು ಆ ಬರಿದಾದ ಮನೆಯನ್ನು.

ನೀನು ಕಳಿಸಿದ ಕೋಷ್ಟಕವೂ ಥರ್ಮಾಮೀಟರೂ ತಲುಪಿ ತಿಂಗಳಾಗುತ್ತ ಬಂತು. ನಿಮ್ಮ ಬಂದರಿನ ಕಚೇರಿಯಲ್ಲಿ ಬರೆದಿಡುವ ಅಂಕಿಗಳನ್ನು ನನಗಾಗಿ ತಿಂಗಳುವಾರು ಲೆಕ್ಕ ಹಾಕಿದ್ದೀಯೆ. ಫ್ಯಾರನ್‌ಹೀಟಿನಲ್ಲಿ ಜನವರಿ ಎಪ್ಪತ್ತೊಂಬತ್ತು, ಏಪ್ರಿಲ್ ಎಂಬತ್ತೆರಡು, ಮೇ ಎಂಬತ್ತಮೂರು, ಮತ್ತೆ ಮೆಲ್ಲಗೆ ಇಳಿದು ಡಿಸೆಂಬರ್ ಎಪ್ಪತ್ತೊಂಬತ್ತು. ಇಡೀ ವರ್ಷ ನಾಲ್ಕು ಡಿಗ್ರಿಯೊಳಗೆ ಹೋಗಿ ಬರುತ್ತದೆ. ನಮ್ಮಲ್ಲಿ ಚಳಿಗಾಲದ ಒಂದು ಹಗಲು ಅದರ ಐದಾರು ಪಟ್ಟು ಹತ್ತಿ ಇಳಿಯುತ್ತದೆ. ಹನ್ನೆರಡು ತಿಂಗಳೂ ಒಂದೇ ಹೊದಿಕೆಯಲ್ಲಿ ಮಲಗುವ ಮನುಷ್ಯನಿಗೆ ತಾನು ಎಷ್ಟು ವರ್ಷದಿಂದ ಅಲ್ಲಿದ್ದೇನೆಂಬುದು ಯಾವುದರಿಂದ ತಿಳಿಯುತ್ತದೆ ಎಂದು ಯೋಚಿಸಿದೆ. ಬಹುಶಃ ತಿಳಿಯುವುದಿಲ್ಲ. ಬಹುಶಃ ಅದೂ ಒಂದು ಸುಖ.

ಕೋಷ್ಟಕದ ಕೆಳಗೆ ನೀನು ಬರೆದದ್ದು ಸ್ವಲ್ಪವೇ. ಅವ್ವನನ್ನು ಕಳಿಸು, ಚಳಿಯಿಲ್ಲದ ಕಡೆ ಉಬ್ಬಸವೂ ಇಲ್ಲ, ಬಳ್ಳಾರಿಯ ವರ್ತಕರ ಕುಟುಂಬವೊಂದು ಮಾಘದಲ್ಲಿ ಹೊರಡುತ್ತದೆ, ಅವರ ಜೊತೆ ಬರಲಿ, ತಿಂಗಳೊಳಗೆ ಉತ್ತರ ಬೇಕು. ಅರವತ್ತೈದು ದಾಟಿದ ಹೆಂಗಸು ಕಡಲು ದಾಟಿದರೆ ಹಿಂದಿರುಗುವುದಿಲ್ಲ. ಇದು ನಿನಗೂ ಗೊತ್ತು. ಹಾಗೆಂದು ಇಲ್ಲಿ ಉಳಿಸಿಕೊಳ್ಳೋಣವೆಂದರೆ, ಮಾರ್ಗಶಿರ ಹುಟ್ಟಿತೆಂದರೆ ಅವಳ ಎದೆಯ ಸಿಳ್ಳು ಬೀದಿಗೆ ಕೇಳುತ್ತದೆ. ಎರಡು ದಿನ ಬಿಟ್ಟು ಅವ್ವನಿಗೆ ಕಾಗದ ಓದಿ ಹೇಳಿದೆ. ಮೊದಲು ನಕ್ಕಳು. “ಲಂಕೆಗೆ ಹೋಗಾಕೆ ನಾನೇನು ಸೀತಮ್ಮನೇನೋ? ಹೊತ್ಕಂಡು ಹೋಗಾಕೆ ಬರೋನಿಗೂ ಸೊಂಟ ಗಟ್ಟಿ ಇರಬೇಕು.” ಆಮೇಲೆ ಉಸಿರು ಕೂಡಿಸಿಕೊಂಡು, “ಚಿಕ್ಕನ್ನ ನೋಡಿದಂಗೂ ಆಗ್ತೈತೆ. ನೀನು ಕಳಿಸಿದ್ರೆ ಹೋಗ್ತೀನಿ, ಇರು ಅಂದ್ರೆ ಇರ್ತೀನಿ” ಎಂದಳು. ಅಲ್ಲಿಗೆ ಅದು ನನ್ನ ಪಾಲಿಗೆ ಬಂತು.

ನಾನು ಮಾಡಿದ್ದನ್ನು ಬರೆಯುತ್ತೇನೆ, ನಗಬೇಡ. ಬೇಕಾದದ್ದು ಎಂಬತ್ತು ಡಿಗ್ರಿ ತಾನೆ, ಅದನ್ನು ಇಲ್ಲೇ ಮಾಡಬಹುದಲ್ಲ ಎನ್ನಿಸಿತು. ಒಳಮನೆಯ ಚಿಕ್ಕ ಕೋಣೆಯಲ್ಲಿ ಅವ್ವನ ಹಾಸಿಗೆ ಹಾಕಿಸಿದೆ. ಕಿಟಕಿಗೆ, ಬಾಗಿಲಿಗೆ, ಗಾಳಿ ನುಸುಳುವ ಗೋಡೆಗೆ ನಾಲ್ಕು ನಾಲ್ಕು ಪದರ ಕಂಬಳಿ ತೂಗುಹಾಕಿದೆ. ಮೂಲೆಯಲ್ಲಿ ಹೊಗೆಯಾಡದ ಕೆಂಡ. ಗೋಡೆಗೆ ನಿನ್ನ ಥರ್ಮಾಮೀಟರು. ಅಂಗಡಿಯಿಂದ ಎದ್ದೆದ್ದು ಬಂದು ನೋಡುತ್ತಿದ್ದೆ. ಇಳಿದರೆ ಕೆಂಡ ಹಾಕುವುದು, ಏರಿದರೆ ಒಂದು ಪದರ ಸರಿಸುವುದು. ಹನ್ನೆರಡು ದಿನ ಅದು ಎಂಬತ್ತನ್ನು ಬಿಟ್ಟು ಹೆಚ್ಚು ಕದಲಲಿಲ್ಲ. ನಿನ್ನ ದ್ವೀಪವನ್ನು ಚಳ್ಳಕೆರೆಯ ಮನೆಯೊಳಗೆ ತಂದಿಟ್ಟೆನೆಂಬ ಹೆಮ್ಮೆ ನನಗಿತ್ತು. ಅವ್ವನ ಉಬ್ಬಸ ಮಾತ್ರ ಹೆಚ್ಚಿತು. ಮಾತು ನಿಂತು ಸನ್ನೆಗೆ ಇಳಿದಳು.

ಹದಿಮೂರನೆಯ ದಿನ ನಮ್ಮ ಅಕ್ಕ ತಿಪ್ಪೇರುದ್ರಕ್ಕ ಮೊಳಕಾಲ್ಮೂರಿನ ತನ್ನ ಮನೆಯಿಂದ ಬಂದಳು. ಬಾಗಿಲ ಕಂಬಳಿ ಎತ್ತಿ ಒಳಗೆ ನೋಡಿದವಳೇ, “ಅವ್ವ ಏನು ಮಾವಿನಕಾಯೇನೋ, ಹಿಂಗೆ ಹಣ್ಣಿಗಿಟ್ಟಿದ್ದೀಯಾ!” ಎಂದು ಕೂಗಿದಳು. ನಾನು ಕೋಷ್ಟಕ ತೋರಿಸಿದೆ. “ಕಾಗದ ಒಲೆಗಾಕು” ಎಂದು, ಅದೇ ದಿನ ಗಾಡಿ ಕಟ್ಟಿಸಿ ಅವ್ವನನ್ನು ಕರೆದುಕೊಂಡು ಹೋದಳು. ಚಳಿಗಾಳಿಗೆ ಗಾಡಿಯಲ್ಲಿ ಹತ್ತು ಹರದಾರಿ. ಅವ್ವ ಊರು ಮುಟ್ಟುತ್ತಾಳೆಂಬ ನಂಬಿಕೆ ನನಗಿರಲಿಲ್ಲ.

ಎಂಟು ದಿನ ಬಿಟ್ಟು, ಮೊನ್ನೆ ಭಾನುವಾರ, ಥರ್ಮಾಮೀಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಾನೂ ಹೋದೆ. ಸೋಮವಾರ ಬೆಳಗ್ಗೆ ಅವ್ವ ಜಗಲಿಯ ಮೇಲೆ ಕೂತು, ರೇಷ್ಮೆ ನೂಲು ಕೊಂಡುಹೋಗಲು ಬಂದ ನೇಕಾರನನ್ನು ತೆಲುಗಿನಲ್ಲಿ ಬೈಯುತ್ತಿದ್ದಳು. ಅವನು ಭಾವನವರಿಗೆ ಹೇಳಿದ ದಿನಕ್ಕೆ ಸೀರೆ ಕೊಟ್ಟಿರಲಿಲ್ಲ. ನಡುವೆ ಒಂದು ಸಲವೂ ಉಸಿರಿಗೆ ನಿಲ್ಲಲಿಲ್ಲ. ಥರ್ಮಾಮೀಟರನ್ನು ಅವಳ ಪಕ್ಕದಲ್ಲಿಟ್ಟೆ. ಐವತ್ತೆಂಟು. ನಿನ್ನ ಕೋಷ್ಟಕದಲ್ಲಿ ಆ ಅಂಕಿಯ ಹತ್ತಿರದ್ದೂ ಇಲ್ಲ. ಅವ್ವ ಗಾಜಿನ ಕೊಳವೆಯನ್ನು ನೋಡಿ, “ಇದಕ್ಕೂ ಚಳಿ ಆಗ್ತೈತಾ?” ಎಂದು ಕೇಳಿದಳು.

ಆದ್ದರಿಂದ ಬಳ್ಳಾರಿಯವರಿಗೆ ಬರುವುದಿಲ್ಲವೆಂದು ಹೇಳಿಕಳಿಸಿದ್ದೇನೆ. ಅವ್ವ ಅಕ್ಕನ ಮನೆಯಲ್ಲೇ ಇರುತ್ತಾಳೆ. ನೀನು ಬೇಸರಪಡಬಾರದು. ಭಾವನವರು ನಿನ್ನನ್ನು ಕೇಳಿದರು. ಅತ್ತಿಗೆ ಮೆಣಸಿನಪುಡಿ ಕಳಿಸಲೇ ಎಂದು ಕೇಳುತ್ತಿದ್ದಾಳೆ. ಅವ್ವ ನಿನ್ನ ತಲೆ ಸವರಿದ್ದಾಳೆಂದು ತಿಳಿ. ಹಾಗೆ ಬರೆಯಲು ಹೇಳಿದ್ದಾಳೆ. ಗುರು ನಿನ್ನನ್ನು ಕಾಯಲಿ.

ನಿನ್ನ ಅಣ್ಣ
ಮುರುಗೇಂದ್ರಪ್ಪ

ಮರೆತ ಮಾತು: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸೋಮವಾರ ಹೊರಡುವ ಮುಂಚೆ, ಚಳಿಗೆ ಇರಲೆಂದು ಅವ್ವನಿಗೆ ನಾನೇ ಆರಿಸಿ ಒಯ್ದಿದ್ದ ಹೊಸ ಕಂಬಳಿ ಹೊದಿಸಿದೆ. ಎರಡು ಗಳಿಗೆಯಲ್ಲಿ ಎದೆ ಸಿಳ್ಳು ಹಾಕಿತು. ಅಕ್ಕ ಅದನ್ನು ಕಿತ್ತು ಅಂಗಳಕ್ಕೆ ಎಸೆದು ಹತ್ತಿಬಟ್ಟೆಯ ಕೌದಿ ಹೊದಿಸಿದಳು, ಮಧ್ಯಾಹ್ನಕ್ಕೆ ತಿಳಿಯಾಯಿತು. ಚಳಿಯಲ್ಲ, ಚಿಕ್ಕ. ಉಣ್ಣೆ. ಚಳಿಗಾಲದಲ್ಲಿ ನಮ್ಮ ಮನೆ ತುಂಬುವ ಉಣ್ಣೆ. ನಿನಗೂ ಅದೇ ಇದ್ದಿರಬೇಕು. ಪಂಡಿತರು ಬೆಚ್ಚಗಿನ ಸೀಮೆ ಎಂದರು, ಅಪ್ಪ ಹದಿನೇಳು ವರ್ಷದ ನಿನ್ನನ್ನು ಹಡಗು ಹತ್ತಿಸಿದರು, ನಾನು ಪೆಟ್ಟಿಗೆ ಹೊತ್ತೆ. ಅಕ್ಕನ ಮನೆಗೆ ಕಳಿಸಿದ್ದರೆ ಸಾಕಿತ್ತು. ಇದನ್ನು ಅವ್ವನಿಗೆ ಹೇಳುವ ಧೈರ್ಯ ನನಗಾಗಿಲ್ಲ. ಬೇಸಿಗೆಗೆ ಕಾಯಬೇಡ, ಶಿವರಾತ್ರಿಯೊಳಗೆ, ಚಳಿಯಿರುವಾಗಲೇ ಬಾ. ಚಳ್ಳಕೆರೆಗೆ ಬರಬೇಡ; ರಾಯದುರ್ಗದಲ್ಲಿ ರೈಲು ಇಳಿದು ನೇರ ಮೊಳಕಾಲ್ಮೂರಿಗೆ ಹೋಗು. ನಾನು ಅಲ್ಲೇ ಕೆರೆಯಲ್ಲಿ ಮುಳುಗಿ ಮೈಗಂಟಿದ ಉಣ್ಣೆ ತೊಳೆದು, ಭಾವನವರ ಪಂಚೆ ಉಟ್ಟು ನಿನ್ನ ಹತ್ತಿರ ಬರುತ್ತೇನೆ.