ಆಳೆತ್ತರದ ಅಚ್ಯುತ

ಗೋರ್ವಾ, ವಡೋದರಾ
೧೪ ನವೆಂಬರ್ ೧೯೯೬

ಕೇಶವಾ,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಕೋಪ ಇಳಿಯಲೆಂದು ಕಾದೆ. ಅದು ದೋಸೆಹಿಟ್ಟಿನ ಹಾಗೆ ಉಬ್ಬುತ್ತಲೇ ಹೋಯಿತು. ಮನೆಯಲ್ಲಿ ಎಲ್ಲರೂ ಕ್ಷೇಮ. ನನ್ನ ಹೆಂಡತಿ ರುಕ್ಮಿಣಿ ನಿನಗೊಂದು ಮಾತು ತಿಳಿಸಲು ಹೇಳಿದ್ದಾಳೆ, ಬರೆಯುವಂಥದ್ದಲ್ಲ.

ಇಲ್ಲಿನ ನಿನ್ನ ಫೋಟೋ ಪ್ರದರ್ಶನಕ್ಕೆ ಕರೆದಿದ್ದೆಯಲ್ಲ, ಹೋದೆ. ವಲಸೆ ಬಂದವರ ಬದುಕಂತೆ! ಬಾಗಿಲಲ್ಲೇ ಆಳೆತ್ತರದ ನಾನು: ನನ್ನದೇ ಹೋಟೆಲಿನ ಅಡುಗೆಮನೆ, ನೆಲದ ಮೇಲೆ ಬಾಳೆಲೆ, ಲುಂಗಿ, ಬನಿಯನ್ನು. ಕೆಳಗೆ ನಿನ್ನ ಒಕ್ಕಣೆ: ‘ಪರವೂರಲ್ಲಿ ಮಿಕ್ಕಿದ್ದೇ ಊಟ.’ ಪಕ್ಕದಲ್ಲಿದ್ದ ಗುಜರಾತಿ ಹೆಂಗಸು “ಬಿಚಾರೋ!” ಎಂದು, ಅಂದರೆ ಪಾಪದವನೆಂದು, ಮರುಗಿದಳು. ಆ ಬಿಚಾರೋ ಇಸ್ತ್ರಿಯ ಸಫಾರಿ ಸೂಟಿನಲ್ಲಿ ಅವಳ ಮಗ್ಗುಲಲ್ಲೇ ನಿಂತಿದ್ದ.

ಕೆಲಸದವರೆಲ್ಲ ಉಂಡ ಮೇಲೆ ಯಜಮಾನ ಅಡುಗೆಮನೆಯಲ್ಲೇ ಕೂತು ಉಣ್ಣುವುದು ನಮ್ಮ ಹೋಟೆಲಿನವರ ಪದ್ಧತಿ. ಕುಂದಾಪುರದಲ್ಲಿ ನಿಮ್ಮಪ್ಪ ಹಾಗೇ ಉಂಡು ನಿನ್ನನ್ನು ನನ್ನ ಜೊತೆ ಕಾಲೇಜಿಗೆ ಕಳಿಸಿದರು. ಗೊತ್ತಿಲ್ಲದವನು ಹೀಗೆ ಬರೆದಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ನನ್ನ ಅಡುಗೆಮನೆಯಲ್ಲಿ ನೀನು ಕ್ಯಾಮೆರಾ ಹಿಡಿದು, “ಎಂತ ಮಾರಾಯ, ಸ್ವಲ್ಪ ಮುಖ ಸಪ್ಪೆ ಮಾಡು, ಬೆಳಕು ಲಾಯ್ಕ ಬೀಳ್ತದೆ” ಎಂದೆ. ಬೆಳಕಿಗೂ ಸಪ್ಪೆ ಮುಖಕ್ಕೂ ಎಂಥ ನಂಟೆಂದು ಕೇಳದ ಬಿ.ಎ. ಪದವೀಧರ ನಾನು. ನಿನ್ನಲ್ಲಿ ಫಿಲ್ಮು ಮಾತ್ರ ನೆಗೆಟಿವ್ ಅಂದುಕೊಂಡಿದ್ದೆ.

ಮುಂದಿನ ವಾರ ಈ ಪ್ರದರ್ಶನ ಸೂರತ್ತಿಗೆ ಹೋಗುತ್ತದಂತೆ. ಅಲ್ಲಿ ನಮ್ಮ ಕಡೆಯ ಹೋಟೆಲಿನವರು ಬೀದಿಗೊಬ್ಬರಿದ್ದಾರೆ. ಅಲ್ಲಿ ಈ ಫೋಟೋ ಗೋಡೆ ಹತ್ತಕೂಡದು. ಹತ್ತಿದರೆ ಬಂದು ಇಳಿಸುತ್ತೇನೆ, ನಿನ್ನ ಸಮೇತ.

ನಿನ್ನ ಹೆಸರು ಬೆಳಗಲಿ, ಫ್ಲ್ಯಾಶಿನಷ್ಟು ಹೊತ್ತು.

ಅಚ್ಯುತ

ತಾ.ಕ.: ನನ್ನ ಮಗಳು ದಿವ್ಯಾಳ ಕ್ಲಾಸನ್ನೂ ಇಲ್ಲಿನ ಪ್ರದರ್ಶನಕ್ಕೆ ಕರೆದೊಯ್ದಿದ್ದರು. ಮರುದಿನ ಹೋಟೆಲಿಗೆ ಬಂದ ಅವಳ ಟೀಚರ್ ನಗುತ್ತಾ, “ನಿಮ್ಮ ಅಡುಗೆಯವರು ಥೇಟ್ ನಿಮ್ಮ ಹಾಗೇ ಇದ್ದಾರೆ! ದಿವ್ಯಾ ಹೇಳದಿದ್ದರೆ ನೀವೇ ಅಂದುಕೊಳ್ತಿದ್ದೆ” ಎಂದರು. ನಾನು “ಹೌದು, ಎಲ್ಲರೂ ಹಾಗೇ ಹೇಳ್ತಾರೆ” ಎಂದೆ. ನೀನು ಫೋಟೋ ತೆಗೆದ ದಿನ ದಿವ್ಯಾ ನನ್ನ ಪಕ್ಕದಲ್ಲಿ ಕೂತು ಅದೇ ಎಲೆಯಿಂದ ಉಣ್ಣುತ್ತಿದ್ದಳು, ಕೇಶವಾ. ಅವಳನ್ನು ಕತ್ತರಿಸಿ ಹಾಕಿದ್ದೀಯೆ. ನಿನ್ನ ನೆಗೆಟಿವ್‌ನಲ್ಲಿ ಇನ್ನೂ ಇರಬೇಕು. ಅದನ್ನು ಕಳಿಸು. ಅವಳಿಗೆ ತೋರಿಸಬೇಕು.