ಬಿರುಕಿನ ಮೇಲಿನ ಗೋಡೆ

ಅಪ್ಪಾ,

ನಿನ್ನೆ ಮಧ್ಯಾಹ್ನ ಭೂಮಿ ನಡುಗಿತು. ನೀನು ಕಟ್ಟಿದ ಗಡಿಗೋಡೆ ಹಿಂದೆ ಸೊಟ್ಟಗಾಗಿದ್ದ ಜಾಗದಲ್ಲೇ ಮುರಿದು, ಬೆಟ್ಟದ ಕಡೆಯ ಅರ್ಧ ಪಕ್ಕದ ಝುನುಷ್ ಮಾವನ ಮನೆಯತ್ತ ಒಂದು ಮೊಳ ಸರಿದಿದೆ.

ವರ್ಷಗಳ ಹಿಂದಿನ ಆ ಬೇಸಿಗೆ, ಬೆಟ್ಟದ ಹುಲ್ಲುಗಾವಲಿನಲ್ಲಿ ಡೇರೆ ಅಲುಗಿದಾಗ ನೀನು ಗಾಳಿ ಎಂದುಕೊಂಡೆ. ಕುರಿ ಹೊಡೆದುಕೊಂಡು ಇಳಿದು ಬಂದರೆ ಗೋಡೆ ಸೊಟ್ಟಗಾಗಿತ್ತು. ಊರಲ್ಲಿ ಉಳಿದಿದ್ದವರು ಮಾವ ಒಬ್ಬರೇ. ತಗ್ಗಿನ ಕಡೆಯ ಅರ್ಧವನ್ನು ನಮ್ಮತ್ತ ಸರಿಸಿ ನೆಲ ಕದ್ದ ಕಳ್ಳ ಎಂದು ನೀನು ಅವರನ್ನು ಬೈದೆ. ಹಿಂದೂಸ್ತಾನದ ಭೂಫಲಕ ದಕ್ಷಿಣದಿಂದ, ಹಿಮಾಲಯದ ಈಚೆಗಿನ ನಮ್ಮ ನೆಲವನ್ನು ನೂಕುತ್ತಲೇ ಇರುತ್ತದೆ, ಬಿರುಕಿನಲ್ಲಿ ಕಚ್ಚಿಕೊಂಡ ಬಂಡೆಗಳು ತಡೆಯಲಾರದೆ ಒಮ್ಮೆಲೇ ಜಾರುತ್ತವೆ, ಆ ಬಿರುಕು ನಮ್ಮ ಗೋಡೆಯ ಕೆಳಗೇ ಇದೆ ಎಂದು ನಾನು ಹೇಳಿದೆ.

“ನಿನ್ನ ಓದ್ಸಿದ್ದು ಕಳ್ಳನ ಪರ ವಾದ ಮಾಡೋಕಾ? ಹೋಗು, ಅವನ ಮನೇಲೇ ಚಹಾ ಕುಡಿ,” ಎಂದೆ ನೀನು.

ನಾನು ಊರನ್ನೇ ಬಿಟ್ಟೆ. ನಿನ್ನನ್ನು ಮಣ್ಣು ಮಾಡಿದ ದಿನವೂ ಬರಲಿಲ್ಲ.

ನಡುಕದ ಸುದ್ದಿ ಕೇಳಿ ಇವತ್ತು ಊರಿಗೆ ಬಂದು, ಅವರ ಮನೆಯಲ್ಲೇ ಚಹಾ ಕುಡಿದೆ. “ಗೋಡೆ ನೆಟ್ಟಗೆ ಮಾಡ್ಸೋಣ್ವೇನಮ್ಮ?” ಎಂದರು ಮಾವ. ಬೇಡ, ನನ್ನ ಮಾತಿನ ಸಾಕ್ಷಿ ಸೊಟ್ಟಗೇ ಇರಲಿ ಎಂದೆ.

ಅಂದಹಾಗೆ, ನಿನ್ನ ಗೋರಿ ಇರುವುದೂ ಬಿರುಕಿನ ಬೆಟ್ಟದ ಕಡೆಯ, ಸರಿದ ನೆಲದಲ್ಲೇ. ಬದುಕಿದ್ದಾಗ ಅವರ ಮನೆಯತ್ತ ಒಂದು ಹೆಜ್ಜೆ ಇಡದವನು, ನಿನ್ನೆ ಒಂದು ಮೊಳ ಸರಿದಿದ್ದೀಯ. ಅಳೆದು ನೋಡಿಯೇ ಬರೆಯುತ್ತಿದ್ದೇನೆ, ವಾದ ಬೇಡ.