ಮೊದಲು ಕೀ ತಿರುಗಿಸಿದವರು

ಪ್ಯೂಬ್ಲೊ, ಕೊಲರಾಡೊ
ಫೆಬ್ರವರಿ 9, 1997

ನನ್ನ ಮುದ್ದು ಫೀನಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ರೈಲು ಯಾರ್ಡಿನಲ್ಲಿ ಪಾಳಿಯ ಮೇಲೆ ಪಾಳಿ, ಜೊತೆಗೆ ಇಲ್ಲಿಯ ಹಿಮ, ಅದರ ಜೊತೆಗೆ ನನ್ನ ಸೊಂಟ. ಇದೆಲ್ಲ ನೆಪ ಎಂದು ನೀನು ನಗುತ್ತೀಯ, ಗೊತ್ತು. ನಿಜ ಏನೆಂದರೆ ಕಾಗದದ ಜೊತೆ ನೀನಿಟ್ಟಿದ್ದ ಫೋಟೊ ನೋಡಿ ನನ್ನ ತಲೆ ಕೆಟ್ಟುಹೋಯಿತು. ಫೋನ್ ಮಾಡೋಣವೆಂದರೆ ಆ ಮನೆಯಲ್ಲಿ ಯಾವಾಗಲೂ ಫೋನ್ ಎತ್ತುವವನು ಅವನೇ, ಆ ಅರ್ಸೇನಿಯೊ. "ಹೇಗಿದೀರಾ ಕೋಸ್ಮೆಯವ್ರೇ? ಅಲ್ಲಿ ಹಿಮ ಜಾಸ್ತೀನಾ?" ಎಂದು ಕೇಳುತ್ತಾನೆ. ನನ್ನ ಹಿಮ ಕಟ್ಟಿಕೊಂಡು ಅವನಿಗೇನಾಗಬೇಕು?

ಫೋಟೊದಲ್ಲಿ ನನ್ನ ಇಂಪಾಲಾ ಗಾಡಿ. ಹದಿನಾಲ್ಕು ವರ್ಷದ ಮೇಲೆ ಕೊಟ್ಟಿಗೆಯಿಂದ ಅಂಗಳಕ್ಕೆ ಬಂದಿದೆ. ನಾಲ್ಕೂ ಟೈರು ನೆಲಕ್ಕೆ ಅಂಟಿಕೊಂಡಿವೆ, ಮೇಲೆಲ್ಲ ನಿನ್ನ ಅಜ್ಜಿಯ ಕೋಳಿಗಳ ಹಿಕ್ಕೆ. ಬಾನೆಟ್ ತೆರೆದು ನೀನೂ ಅರ್ಸೇನಿಯೊನೂ ಒಟ್ಟಿಗೆ ತಲೆ ತೂರಿಸಿ ನಿಂತಿದ್ದೀರಿ, ಇಬ್ಬರ ಮೂಗಿನ ಮೇಲೂ ಗ್ರೀಸು, ಇಬ್ಬರಿಗೂ ನಗು. ನಿನ್ನ ಅಮ್ಮ ಅವನನ್ನು ಮದುವೆಯಾದಳು, ಆಗಲಿ. ನಾನು ಕಟ್ಟಿದ ಒಲೆಯ ಮುಂದೆ ಕೂತು ಅವನು ಕೆಂಪು ಮೆಣಸಿನ ಸಾರು ಸುರಿದುಕೊಂಡು ತಿನ್ನುತ್ತಾನೆ, ತಿನ್ನಲಿ. ನನ್ನ ಗಾಡಿಯ ಬಾನೆಟ್ ಒಳಗೆ ಅವನ ತಲೆಗೇನು ಕೆಲಸ? ಶಾಲೆಯ ಬಸ್ ಓಡಿಸುವವನು ಅವನು, ಜನ್ಮದಲ್ಲಿ ಜೋರಾಗಿ ಓಡಿಸಿದವನಲ್ಲ. "ನಿಮ್ಮ ಗಾಡಿಗಳೂ ಆಮೆ ಥರಾನೇ ಹೋಗ್ತಿದ್ವಲ್ಲಪ್ಪಾ" ಎಂದು ನೀನು ವಾದಕ್ಕೆ ಬರುತ್ತೀಯ. ಅದು ಬೇರೆ, ಇದು ಬೇರೆ. ಗಾಡಿ ಸಿಂಗರಿಸಿ ಮೆರೆಸುವ ನಾವು ನಿಧಾನ ಹೋಗುತ್ತಿದ್ದದ್ದು ಊರೆಲ್ಲ ನೋಡಲಿ ಎಂದು. ಅವನು ನಿಧಾನ ಹೋಗುವುದು ಪುಕ್ಕಲುತನಕ್ಕೆ.

ಗಣಿ ಮುಚ್ಚಿದ ವರ್ಷ ನಾನು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದೆ. ಎಸ್ಪನ್ಯೋಲ ಊರು ಬಿಟ್ಟು ನಾನೆಲ್ಲಿಗೂ ಬರುವುದಿಲ್ಲ ಎಂದು ನಿನ್ನ ಅಮ್ಮ ಕೂತಳು. ಗಾಡಿಯೂ ಅವಳ ಪಕ್ಷ ಸೇರಿ ಕೊಟ್ಟಿಗೆಯಲ್ಲಿ ಕೂತಿತು. ನಿನಗೆ ಹದಿನೆಂಟು ತುಂಬಿದಾಗ ಅದನ್ನು ನಿನ್ನ ಹೆಸರಿಗೆ ಬರೆದುಕೊಟ್ಟವನು ನಾನು. ನಿನ್ನ ಹೆಸರಿಗೆ ಬರೆದೆ, ಅವನ ಹೆಸರಿಗಲ್ಲ.

ಇರಲಿ, ಗಾಡಿ ಸಾಯಬಾರದು. ಕೇಳು. ಹೋದ ತಕ್ಷಣ ಸ್ಟಾರ್ಟ್ ಮಾಡಲು ಹೋಗಬೇಡ, ಎಂಜಿನ್ ಹಾಳಾಗಿಹೋಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಎಣ್ಣೆ ಹಾಕಿ ಕೆಲವು ದಿನ ನೆನೆಯಲು ಬಿಡು. ಆಮೇಲೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ ನೋಡು. ಕೂದಲೆಳೆಯಷ್ಟು ಅಲುಗಿದರೂ ಸಾಕು, ಅದು ಬದುಕಿದೆ. ಟ್ಯಾಂಕಿನ ಹಳೇ ಪೆಟ್ರೋಲು ಕೊಳೆತು ವಾರ್ನಿಷ್ ಆಗಿರುತ್ತದೆ, ಪೂರ್ತಿ ಚೆಲ್ಲು. ಏರ್ ಫಿಲ್ಟರಿನಲ್ಲಿ ಇಲಿ ಸಂಸಾರ ಹೂಡಿರುತ್ತದೆ. ಬ್ರೇಕು ಹಿಡಿದುಕೊಂಡಿರುತ್ತದೆ. ಡಿಕ್ಕಿಯೊಳಗಿನ ಹೈಡ್ರಾಲಿಕ್ ಪಂಪುಗಳಿವೆಯಲ್ಲ, ಗಾಡಿಯನ್ನು ಎತ್ತಿ ಕುಣಿಸುವಂಥವು, ಅವನ್ನು ನೀನೇ ಸ್ವಚ್ಛ ಮಾಡು. ಅವನು ಮುಟ್ಟಕೂಡದು.

ನಮ್ಮ ಕಣಿವೆಯ ಪದ್ಧತಿ ನೆನಪಿದೆ ತಾನೆ? ಮಲಗಿದ ಗಾಡಿಯನ್ನು ಯಾರು ಮೊದಲು ಕೀ ತಿರುಗಿಸಿ ಎಬ್ಬಿಸುತ್ತಾರೋ ಅವರೇ ಈಸ್ಟರ್ ಭಾನುವಾರ ಅದನ್ನು ಚಿಮಾಯೊ ಇಗರ್ಜಿಯವರೆಗೆ ಓಡಿಸಿಕೊಂಡು ಹೋಗಿ ತೀರ್ಥ ಹಾಕಿಸಬೇಕು. ಕಾಗದಪತ್ರ ಯಾರ ಹೆಸರಿನಲ್ಲಾದರೂ ಇರಲಿ, ಅವತ್ತು ಊರವರ ಕಣ್ಣಿಗೆ ಗಾಡಿ ಅವರದ್ದು. ನಾನು ಇಷ್ಟೇ ಹೇಳುವುದು.

ಅಮ್ಮನಿಗೆ ಕೇಳಿದೆನೆಂದು ಹೇಳು. ಮರಿಯ ಮಾತೆ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಕೋಸ್ಮೆ


ಪ್ಯೂಬ್ಲೊ
ಮಾರ್ಚ್ 14, 1997

ಮಗಳೇ ಫೀನಾ,

ಎಂಜಿನ್ ಅಲುಗಿತು ಎಂದು ಓದಿದಾಗ ಯಾರ್ಡಿನಲ್ಲಿ ಎಲ್ಲರೆದುರು ಕೂಗಿಬಿಟ್ಟೆ. ಜೊತೆಯವರು ಲಾಟರಿ ಹೊಡೆಯಿತೇನೋ ಎಂದುಕೊಂಡರು. ಬ್ರೇಕು ಸರಿಹೋಯಿತು, ಟೈರು ಬಂತು, ಪಂಪು ಎರಡೂ ಕೆಲಸ ಮಾಡುತ್ತಿವೆ. ನಿನ್ನ ಕೈಯಲ್ಲಿ ನನ್ನ ಗುಣವಿದೆ ಬಿಡು.

ಆಮೇಲೆ ಮುಂದಿನದನ್ನು ಓದಿದೆ. ಕೀ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತದೆ, ಪೆಟ್ರೋಲು ಬರುತ್ತಿದೆ, ಕಿಡಿ ಮಾತ್ರ ಹುಟ್ಟುತ್ತಿಲ್ಲ ಎಂದು ಬರೆದಿದ್ದೀಯ. ಅವನು ಕಾಯಿಲ್ ಬದಲಿಸಿದನಂತೆ, ಪಾಯಿಂಟ್ ಬದಲಿಸಿದನಂತೆ, ಪ್ಲಗ್ಗುಗಳೂ ಹೊಸವಂತೆ. ದಿನಾ ಸಂಜೆ ಬಸ್ ನಿಲ್ಲಿಸಿ ಬಂದವನು ಕತ್ತಲಾಗುವವರೆಗೂ ಅಂಗಳದಲ್ಲೇ ಬಿದ್ದಿರುತ್ತಾನಂತೆ. ದೇವರಾಣೆ ಹೇಳುತ್ತೇನೆ, ಅದನ್ನು ಓದುವಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಎರಡನೇ ಸಲ ಕಾಫಿ ಮಾಡಿಕೊಂಡು ಕೂತು ಮತ್ತೆ ಓದಿದೆ. ತಿಣುಕಲಿ. ಬಸ್ಸಿನಲ್ಲಿ ಮಕ್ಕಳನ್ನು "ಕೂತ್ಕೊಳ್ರೋ" ಎಂದು ಗದರಿದಷ್ಟು ಸುಲಭವೇ ಇದು?

ಆದರೆ ಒಂದು ಮಾತು ನನ್ನ ಖುಷಿಯನ್ನೆಲ್ಲ ಹಾಳುಮಾಡಿತು. ಬಾನೆಟ್ ಒಳಗಿನ ತಂತಿಗಳ ಕಂತೆ ನೋಡಿ ಅಮ್ಮ, "ಎಲ್ಲಾ ಕಿತ್ತು ಹೊಸದು ಹಾಕ್ಬಾರ್ದಾ?" ಎಂದಳಂತೆ. ಅವನು, "ಬೇಡ ಇಮೆಲ್ಡಾ, ಇದು ಕೋಸ್ಮೆಯವ್ರ ಕೈಕೆಲ್ಸ. ಅವ್ರನ್ನ ಕೇಳ್ದೆ ನಾನು ಕತ್ತರಿ ಹಾಕಲ್ಲ" ಎಂದನಂತೆ. ನೋಡು, ಇದೇ ನನಗೆ ಆಗುವುದಿಲ್ಲ. ಮನುಷ್ಯ ಕೆಟ್ಟವನಾಗಿದ್ದರೆ ನಾಲ್ಕು ಬೈಗುಳ ಬೈದು ಹಗುರಾಗಬಹುದು. ಇವನು ಬೈಯಲೂ ಬಿಡುವುದಿಲ್ಲ.

ಈಗ ನಿನಗೊಂದು ವಿಷಯ ಹೇಳುತ್ತೇನೆ. ಆ ಕಾಲದಲ್ಲಿ ಇಂಥ ಗಾಡಿಗಳನ್ನು ಕದಿಯುವವರ ಹಾವಳಿ ಹೆಚ್ಚಿತ್ತು. ಅದಕ್ಕೇ ನಾನೊಂದು ಕಳ್ಳ ಸ್ವಿಚ್ ಇಟ್ಟಿದ್ದೇನೆ. ಅದನ್ನು ಹಾಕದೆ ಪೋಪ್ ಬಂದು ಕೀ ತಿರುಗಿಸಿದರೂ ಕಿಡಿ ಹುಟ್ಟುವುದಿಲ್ಲ. ಎಲ್ಲಿದೆ ಎಂದು ಬರೆಯುವುದಿಲ್ಲ. ಬರೆದರೆ ನೀನು ಅವನಿಗೆ ಹೇಳುತ್ತೀಯ, ಅವನು ಕೀ ತಿರುಗಿಸುತ್ತಾನೆ, ಈಸ್ಟರ್ ದಿನ ನನ್ನ ಗಾಡಿಯ ಸ್ಟೀರಿಂಗ್ ಹಿಂದೆ ಕೂತು ಊರವರಿಗೆಲ್ಲ ಕೈಬೀಸುತ್ತಾನೆ. ಅದನ್ನು ನೆನೆಸಿಕೊಂಡರೇ ನನಗೆ ಮೈಯೆಲ್ಲ ಉರಿಯುತ್ತದೆ. ಹೌದಮ್ಮಾ, ಹೊಟ್ಟೆಕಿಚ್ಚೇ. ಬೇರೆ ಹೆಸರಿಟ್ಟು ಯಾಕೆ ಕರೆಯಲಿ? ನನ್ನ ಮನೆ, ನನ್ನ ಒಲೆ, ನನ್ನ ಅಂಗಳ ಎಲ್ಲ ಅವನ ಪಾಲಾಯಿತು. ಇದೊಂದು ಕೀ ನನಗಿರಲಿ.

ಈಸ್ಟರ್ ಹಿಂದಿನ ಶನಿವಾರ ಬರುತ್ತೇನೆ, ರಜೆ ಕೇಳಿಯಾಗಿದೆ. ನಾನೇ ಎಬ್ಬಿಸುತ್ತೇನೆ. ಭಾನುವಾರ ನಾನು ಓಡಿಸುತ್ತೇನೆ, ಪಕ್ಕದಲ್ಲಿ ನೀನು. ಅವನಿಗೆ ಬೇಕಾದರೆ ಬಸ್ಸಿದೆ, ಹಿಂದೆ ಬರಲಿ.

ಹೊಸ ಅಂಗಿ ತೆಗೆದುಕೊಂಡಿದ್ದೇನೆ. ಹ್ಯಾಟೂ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಕೋಸ್ಮೆ

ಮರೆತಿದ್ದೆ: ಬ್ಯಾಟರಿ ಚಾರ್ಜ್ ಮಾಡಿಟ್ಟಿರು.


ಪ್ಯೂಬ್ಲೊ
ಏಪ್ರಿಲ್ 3, 1997

ಪ್ರೀತಿಯ ಫೀನಾ,

ಭಾನುವಾರ ಊಟಕ್ಕೆ ನಿಲ್ಲದೆ ಹೊರಟುಬಂದೆ, ಕ್ಷಮಿಸು. ಅಮ್ಮ ಮೆಕ್ಕೆಜೋಳದ ಪೋಸೊಲೆ ಸಾರು ಬಡಿಸಿಯಾಗಿತ್ತು, ಗೊತ್ತು. ಸೋಮವಾರದ ಪಾಳಿ ಎಂದು ಹೇಳಿದೆನಲ್ಲ, ಅದು ಸುಳ್ಳು. ಸೋಮವಾರವೂ ರಜೆಯೇ ಇತ್ತು. ಮನೆಗೆ ಬಂದು ಅಡಿಗೆಮನೆಯಲ್ಲಿ ನಿಂತುಕೊಂಡೇ ಡಬ್ಬಿಯ ಬೀನ್ಸ್ ಕಾಳು ತಿಂದೆ.

ಶನಿವಾರದ ಮಾತು. ನಿಮ್ಮ ಓಣಿಗೆ ತಿರುಗುತ್ತಿದ್ದಂತೆ ಕಿಟಕಿ ಇಳಿಸಿದೆ, ಆ ಸದ್ದು ಕೇಳಿಸಿತು. ಬೇರೆ ಯಾವ ಎಂಜಿನ್ ಆದರೂ ನನಗೆ ಗೊಂದಲವಾಗಬಹುದಿತ್ತು, ಇದರ ಸದ್ದಿನಲ್ಲಿ ಅಲ್ಲ. ನನ್ನ ಗಾಡಿ ನಾನಿಲ್ಲದೆ ಉಸಿರಾಡುತ್ತಿತ್ತು. ಗೇಟಿನ ಹತ್ತಿರವೇ ನಿಂತುಬಿಟ್ಟೆ. ಅಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದಳು. "ಬಂದ್ಯಾ? ಬಾ. ಮುಖ ಯಾಕೆ ಹಾಗಿಟ್ಕೊಂಡಿದೀಯ, ಹೆಣ ನೋಡೋಕೆ ಬಂದವ್ನ ಹಾಗೆ? ಗಾಡಿ ಬದುಕಿದೆ ಮಾರಾಯಾ!"

"ಯಾರು ಎಬ್ಬಿಸಿದ್ದು?" ಎಂದೆ. ಅರ್ಸೇನಿಯೊ ಬಾನೆಟ್ ಪಕ್ಕದಿಂದ ಎರಡೂ ಕೈ ಎತ್ತಿ, "ನಾನಲ್ಲ ಕೋಸ್ಮೆಯವ್ರೇ, ನಾನು ಮುಟ್ಲಿಲ್ಲ" ಎಂದ. ಪೊಲೀಸರ ಮುಂದೆ ನಿಂತವನ ಹಾಗೆ. ಆಗ ನೀನು ಬಾಗಿಲು ತೆಗೆದು ಇಳಿದೆ.

ನೀನಂದ ಮಾತು ಅಕ್ಷರ ಅಕ್ಷರವೂ ನೆನಪಿದೆ. "ನಂಗೆ ಮೊದ್ಲಿಂದ್ಲೂ ಗೊತ್ತಿತ್ತಪ್ಪಾ. ಚಿಕ್ಕೋಳಿದ್ದಾಗ ನೋಡ್ತಿದ್ದೆ. ಕೀ ಹಾಕೋ ಮುಂಚೆ ನೀನು ಬೂಟಿನ ಲೇಸ್ ಕಟ್ಕೊಳ್ಳೋ ಹಾಗೆ ಸೀಟಿನ ಕೆಳಗೆ ಬಗ್ತಿದ್ದೆ. ನಿನ್ನ ಬೂಟಿಗೆ ಲೇಸೇ ಇರ್ಲಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಹೇಳ್ಲಿಲ್ಲ. ಅವ್ರು ತಿರುಗಿಸಿದ್ರೆ ನೀನು ಜನ್ಮಪೂರ್ತಿ ಕೊರಗ್ತೀಯ. ನೀನು ತಿರುಗಿಸಿದ್ರೆ ಇಷ್ಟು ದಿನ ಮಣ್ಣಲ್ಲಿ ಬಿದ್ದು ಒದ್ದಾಡಿದವ್ರ ಮುಖ ನಾನು ಹೇಗೆ ನೋಡ್ಲಿ? ಅದಕ್ಕೇ ಬೆಳಿಗ್ಗೆ ನಾನೇ ತಿರುಗಿಸ್ದೆ. ನಾಳೆ ನಾನೇ ಓಡ್ಸೋದು. ಬರೋರು ಬನ್ನಿ."

ಹೊಸ ಹ್ಯಾಟು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಸಿಟ್ಟೂ ಬಂತು, ಹೆಮ್ಮೆಯೂ ಬಂತು, ಯಾವುದನ್ನು ಮೊದಲು ತೋರಿಸುವುದೆಂದು ತಿಳಿಯಲಿಲ್ಲ. ಕೊನೆಗೆ "ಎಣ್ಣೆ ನೋಡಿದ್ಯಾ?" ಎಂದು ಕೇಳಿದೆ.

ಭಾನುವಾರದ ಮೆರವಣಿಗೆ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ನಾಚಿಕೆಯೂ ಬರುತ್ತದೆ. "ಹಿಂದೆ ಕೂತ್ರೆ ನಂಗೆ ವಾಂತಿ ಬರುತ್ತೆ" ಎಂದು ಅಮ್ಮ ಮುಂದಿನ ಸೀಟು ಹಿಡಿದಳು. ಉಳಿದದ್ದು ಹಿಂದಿನ ಸೀಟು, ನಾವಿಬ್ಬರು ಗಂಡಸರು. ಮಂಡಿಗೆ ಮಂಡಿ ತಾಗಬಾರದೆಂದು ನಾನು ಬಾಗಿಲಿಗೆ ಒತ್ತಿಕೊಂಡು ಕೂತೆ, ಅವನು ಆ ಬಾಗಿಲಿಗೆ. ರಿವರ್‌ಸೈಡ್ ರಸ್ತೆಯಲ್ಲಿ ಜನವೋ ಜನ. ನನ್ನ ಹಳೇ ಗೆಳೆಯ ಟ್ರಾಂಕಿಲೀನೊ ಪೆಟ್ರೋಲ್ ಬಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದವನು ಎದ್ದು ನಿಂತು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದ. "ನೋಡ್ರೋ ನೋಡ್ರೋ! ಇಮೆಲ್ಡಾ ಇಬ್ರೂ ಗಂಡಂದಿರನ್ನ ಹಿಂದೆ ಹಾಕ್ಕೊಂಡು ಹೊರಟವ್ಳೆ! ಕೋಸ್ಮೆ, ಡಿಕ್ಕೀಲಿ ಇನ್ನೊಬ್ಬನಿಗೆ ಜಾಗ ಇದ್ಯೇನೋ?"

ಅಮ್ಮ ಬಿದ್ದುಬಿದ್ದು ನಕ್ಕಳು. ಅರ್ಸೇನಿಯೊನ ಕಿವಿ ಕೆಂಪಾಯಿತು. ಜೇಬಿನಿಂದ ಹುರಿದ ಪಿನ್ಯೋನ್ ಬೀಜ ತೆಗೆದು, "ತಗೊಳ್ಳಿ ಕೋಸ್ಮೆಯವ್ರೇ, ಬಾಯಿಗೇನಾದ್ರೂ ಕೆಲ್ಸ ಇರ್ಲಿ" ಎಂದ. ತೆಗೆದುಕೊಂಡೆ. ಹದವಾಗಿ ಹುರಿದಿದ್ದ, ಉಪ್ಪೂ ಸರಿಯಾಗಿತ್ತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಇಗರ್ಜಿಯ ಮುಂದೆ ನೀನು ಗುಂಡಿ ಒತ್ತಿ ಗಾಡಿಯ ಮೂತಿಯನ್ನು ಗಕ್ಕನೆ ಮೇಲೆತ್ತಿದೆಯಲ್ಲ, ಜನ ಕೂಗಿದರಲ್ಲ, ಆಗ ಮಾತ್ರ ನಾನು ಎಲ್ಲ ಮರೆತೆ. ಪಾದ್ರಿ ತೀರ್ಥದ ಪಾತ್ರೆ ಹಿಡಿದು, "ಯಾರಮ್ಮಾ ಇದನ್ನ ಎಬ್ಬಿಸಿದ್ದು?" ಎಂದು ಕೇಳಿದರು. "ನಾನೇ ಫಾದರ್" ಎಂದೆ ನೀನು, ಗಲ್ಲ ಎತ್ತಿಕೊಂಡು. ನನ್ನ ಹೆಸರೂ ಹೇಳಲಿಲ್ಲ, ಅವನ ಹೆಸರೂ ಹೇಳಲಿಲ್ಲ. ನ್ಯಾಯವಾಗಿಯೇ ನಡೆದುಕೊಂಡೆ. ನನಗೆ ನ್ಯಾಯ ಬೇಕಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಎರಡನೇ ಗೇರಿನಲ್ಲಿ ಸಣ್ಣಗೆ ಒಂದು ಕಿರಕಿರ ಕೇಳಿಸಿತು, ಅಲಕ್ಷ್ಯ ಮಾಡಬೇಡ. ಬೇಸಿಗೆಯಲ್ಲಿ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಬೇಡ, ಬಣ್ಣ ಸುಲಿಯುತ್ತದೆ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆ. ಅಮ್ಮನ ಮಂಡಿನೋವಿಗೆ ಒಂದು ಮುಲಾಮು ಕಳಿಸುತ್ತಿದ್ದೇನೆ, ನಾನು ಕೊಟ್ಟಿದ್ದೆಂದು ಹೇಳಬೇಡ, ಹಚ್ಚಿಕೊಳ್ಳುವುದಿಲ್ಲ. ಅರ್ಸೇನಿಯೊಗೂ ಕೇಳಿದೆನೆಂದು ಹೇಳು. ಹೇಳಲೇಬೇಕೆಂದೇನಿಲ್ಲ. ಮಾತೆ ಮರಿಯ ನಿನ್ನ ದಾರಿಯನ್ನೆಲ್ಲ ನೆಟ್ಟಗೆ ಮಾಡಲಿ, ನೀನು ಹೋದಲ್ಲೆಲ್ಲ ನಿನಗೆ ಒಳ್ಳೆಯವರೇ ಸಿಗಲಿ.

ನಿನ್ನ ಅಪ್ಪ,
ಕೋಸ್ಮೆ ವಿಯಾಲ್ಪಾಂಡೊ

ಮೇಲಿನದೆಲ್ಲ ಬರೆದು ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ತೆಗೆದೆ. ನಾನು ಊಟ ಬಿಟ್ಟು ಬಂದದ್ದು ಟ್ರಾಂಕಿಲೀನೊನ ಗೇಲಿಗಲ್ಲ, ಕೀಗೂ ಅಲ್ಲ. ಹಿಂದಿನ ಸೀಟಿಗೆ ಕನ್ನಡಿಯಲ್ಲಿ ನಿನ್ನ ಕಣ್ಣು ಕಾಣುತ್ತಿತ್ತು. ಒಂದೊಂದು ತಿರುವು ಬಂದಾಗಲೂ ನೀನು ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದೆ. ಅವನು ಸಣ್ಣಗೆ ತಲೆಯಾಡಿಸುತ್ತಿದ್ದ. ಆಮೇಲೆ ನೀನು ತಿರುಗಿಸುತ್ತಿದ್ದೆ. ನಿನಗೆ ಗಾಡಿ ಓಡಿಸಲು ಕಲಿಸಿದವನು ಅವನಲ್ಲವೇ, ಆ ಅಭ್ಯಾಸ ಉಳಿದಿದೆ. ನೀನು ಹಾಗೆ ಮಾಡುತ್ತೀಯ ಎಂದು ನಿನಗೇ ಗೊತ್ತಿರಲಾರದು. ಚಿಮಾಯೊದ ಕೊನೆಯ ತಿರುವುಗಳಲ್ಲಿ ನಾನೂ ತಲೆಯಾಡಿಸಿದೆ, ಫೀನಾ. ನೀನು ನೋಡಲಿಲ್ಲ.